ಮೈಕ್ರೋವೇವ್ ಸಂಕೇತವನ್ನು ಬೆಳಕಾಗಿಸುವ ರುಬಿಡಿಯಂ ಆವಿ: ಪ್ರಯೋಗದ ಮೇಜಿಗೊಂದು ಕೈಪಿಡಿ

ಹೆಬ್ಬೆರಳಿನ ದಪ್ಪದ ಒಂದು ಗಾಜಿನ ಕೊಳವೆ. ಒಳಗಿನ ಗಾಳಿಯನ್ನೆಲ್ಲ ತೆಗೆದು, ಒಂದು ಚೂರು ರುಬಿಡಿಯಂ ಹಾಕಿ ಎರಡೂ ತುದಿಗಳನ್ನು ಬೆಸೆದಿದ್ದಾರೆ. ಗೋಡೆಗೆ ಅಂಟಿದ ಬೆಳ್ಳಿ ಬಣ್ಣದ ಚುಕ್ಕೆಯೊಂದನ್ನು ಬಿಟ್ಟರೆ ಬರಿಗಣ್ಣಿಗೆ ಅದು ಖಾಲಿ ಕೊಳವೆಯೇ. ಇದರೊಳಗೆ 13.9 ಗಿಗಾಹರ್ಟ್ಸ್‌ನ ಮೈಕ್ರೋವೇವ್ ಹಾಯಿಸಿ, 776 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಹೊರಗೆ ಪಡೆಯಬಹುದು. ಮೈಕ್ರೋವೇವ್‌ನಲ್ಲಿದ್ದ ಏರಿಳಿತವೂ ಪ್ರಾವಸ್ಥೆಯೂ ಆ ಬೆಳಕಿನಲ್ಲಿ ಹಾಗೆಯೇ ಉಳಿದು ಬರುತ್ತವೆ. ಪೋಲೆಂಡಿನ ವಾರ್ಸಾ ವಿಶ್ವವಿದ್ಯಾಲಯದ ತಂಡವೊಂದು ಇದನ್ನು ಕೋಣೆಯ ತಾಪದಲ್ಲೇ, ನಿರಂತರವಾಗಿ ನಡೆಯುವಂತೆ ಮಾಡಿ ತೋರಿಸಿತು. 2024ರಲ್ಲಿ ಮುದ್ರಣಗೊಂಡ ಆ ಕೆಲಸದಲ್ಲಿ ಬಳಸಿದ ಮೆಟ್ಟಿಲುಗಳನ್ನೇ ಈ ಕೈಪಿಡಿಯೂ ಹಿಡಿದು ಸಾಗುತ್ತದೆ.

ಲೇಸರ್ ಪ್ರಯೋಗಾಲಯಕ್ಕೆ ಹೊಸದಾಗಿ ಕಾಲಿಟ್ಟ ಎಂ.ಎಸ್ಸಿ., ಪಿಎಚ್.ಡಿ. ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ನನ್ನ ಒತ್ತಾಯ ಒಂದೇ: ಒಂದು ಮೆಟ್ಟಿಲಿನ ಗುರುತು ಆಸಿಲೋಸ್ಕೋಪಿನ ಪರದೆಯ ಮೇಲೆ ಸ್ಪಷ್ಟವಾಗಿ ಕಾಣುವ ತನಕ ಮುಂದಿನ ಮೆಟ್ಟಿಲಿಗೆ ಕಾಲಿಡಬೇಡಿ. ಎಲ್ಲ ಲೇಸರ್‌ಗಳನ್ನೂ ಒಟ್ಟಿಗೆ ಹಚ್ಚಿ ಕೊನೆಯ ಸಂಕೇತವನ್ನು ಹುಡುಕಲು ಹೊರಟವರು ವಾರಗಟ್ಟಲೆ ಕತ್ತಲಲ್ಲಿ ತಡಕಾಡುವುದನ್ನು ಕಂಡಿದ್ದೇನೆ.

ಇಷ್ಟೆಲ್ಲ ಪರಿಶ್ರಮ ಯಾತಕ್ಕೆ?

ಸೂಪರ್‌ಕಂಡಕ್ಟರ್ ಚಿಪ್‌ಗಳ ಮೇಲೆ ಕಟ್ಟುವ ಕ್ವಾಂಟಮ್ ಕಂಪ್ಯೂಟರ್‌ಗಳು ಕೆಲಸ ಮಾಡುವುದು ಕೆಲವು ಗಿಗಾಹರ್ಟ್ಸ್‌ನ ಮೈಕ್ರೋವೇವ್‌ನಲ್ಲಿ, ಅದೂ ಪರಮಶೂನ್ಯಕ್ಕಿಂತ ಒಂದು ಡಿಗ್ರಿಯ ನೂರರಲ್ಲಿ ಒಂದೆರಡು ಪಾಲಷ್ಟೇ ಮೇಲಿನ ಚಳಿಯಲ್ಲಿ. ಆ ಮೆಲುದನಿಯ ಸಂಕೇತವನ್ನು ಬೆಚ್ಚಗಿನ ಕೇಬಲ್ಲಿಗೆ ತಂದರೆ ಕೋಣೆಯ ಬಿಸಿಯೇ ಅದನ್ನು ನುಂಗಿಬಿಡುತ್ತದೆ. 13.9 ಗಿಗಾಹರ್ಟ್ಸ್‌ನಲ್ಲಿ ಲೆಕ್ಕ ಹಾಕಿ ನೋಡಿ: 300 ಕೆಲ್ವಿನ್ ತಾಪದ ಕೋಣೆಯಲ್ಲಿ ಅಲೆ ತಳೆಯಬಹುದಾದ ಪ್ರತಿಯೊಂದು ರೂಪದಲ್ಲೂ, ಅಂದರೆ ಪ್ರತಿಯೊಂದು ಮೋಡ್‌ನಲ್ಲೂ ಸುಮಾರು 450 ಫೋಟಾನ್‌ಗಳು ಬರೀ ಬಿಸಿಯ ದೆಸೆಯಿಂದ ಗಿಜಿಗುಡುತ್ತಿರುತ್ತವೆ. ಬೆಳಕಿಗೆ ಈ ಕಾಟವಿಲ್ಲ. 776 ನ್ಯಾನೋಮೀಟರಿನ ಒಂದು ಫೋಟಾನಿನ ಶಕ್ತಿ ನಮ್ಮ ಮೈಕ್ರೋವೇವ್ ಫೋಟಾನಿನದಕ್ಕಿಂತ ಸುಮಾರು 28,000 ಪಟ್ಟು ಹೆಚ್ಚು. ಕೋಣೆಯ ಬಿಸಿಗೆ ಅದನ್ನು ಹುಟ್ಟಿಸುವ ತಾಕತ್ತಿಲ್ಲ. ಬೆಳಕಾಗಿ ಬದಲಾದ ಸಂಕೇತವನ್ನು ಒಂದೊಂದೇ ಫೋಟಾನಿನಂತೆ ಎಣಿಸಬಹುದು, ಗಾಜಿನ ಎಳೆಯೊಳಗೆ ದೂರಕ್ಕೆ ಕಳಿಸಬಹುದು.

ಈ ಕೆಲಸಕ್ಕೆ ರಿಡ್‌ಬರ್ಗ್ ಪರಮಾಣುಗಳೇ, ಅಂದರೆ ಎಲೆಕ್ಟ್ರಾನು ಬಹಳ ಎತ್ತರದ ಕಕ್ಷೆಗೆ ಏರಿರುವ ಪರಮಾಣುಗಳೇ, ಏಕೆ? ಎಲೆಕ್ಟ್ರಾನನ್ನು 50ನೆಯ, 60ನೆಯ ಕಕ್ಷೆಗೆ ಏರಿಸಿದಾಗ ಪರಮಾಣು ಊದಿಕೊಂಡು ನೂರಾರು ಪಟ್ಟು ದೊಡ್ಡದಾಗುತ್ತದೆ. ನಾವು ಬಳಸಲಿರುವ ಸ್ಥಿತಿಯಲ್ಲಿ ಅದರ ತ್ರಿಜ್ಯ ಸುಮಾರು 150 ನ್ಯಾನೋಮೀಟರ್. ಅಷ್ಟು ದೂರದಲ್ಲಿ ಸಡಿಲವಾಗಿ ನಿಂತ ಎಲೆಕ್ಟ್ರಾನನ್ನು ಅತಿ ಕ್ಷೀಣವಾದ ಮೈಕ್ರೋವೇವ್ ಕೂಡ ಹಿಡಿದು ಅಲುಗಿಸಬಲ್ಲದು. ಅಕ್ಕಪಕ್ಕದ ಎರಡು ಎತ್ತರದ ಸ್ಥಿತಿಗಳ ನಡುವಿನ ಶಕ್ತಿಯ ಅಂತರ ಮೈಕ್ರೋವೇವ್ ಫೋಟಾನಿಗೆ ಸರಿಹೊಂದಿದರೆ, ಕೆಳಗಿನ ಸ್ಥಿತಿಗಳ ನಡುವಿನದು ಬೆಳಕಿನ ಫೋಟಾನಿಗೆ. ಎರಡು ಲೋಕಗಳೂ ಒಂದೇ ಪರಮಾಣುವಿನ ಒಳಗೆ ಸಿಗುತ್ತವೆ.

ಲೇಸರ್ ಮುಟ್ಟುವ ಮೊದಲು

ಈ ಪ್ರಯೋಗಕ್ಕೆ ಮೂರು ಲೇಸರ್‌ಗಳು ಬೇಕು; ಅವನ್ನು ತರಂಗಾಂತರದಿಂದಲೇ 780, 480, 1258 ಎಂದು ಕರೆಯುತ್ತೇನೆ. 780 ನ್ಯಾನೋಮೀಟರಿನ ಕಿರಣ ಕಣ್ಣಿಗೆ ಮಂಕು ಕೆಂಪಾಗಿ ಅಷ್ಟಿಷ್ಟು ಕಾಣುತ್ತದೆ. ಮಂಕಾಗಿದೆ ಎಂದರೆ ದುರ್ಬಲ ಎಂದರ್ಥವಲ್ಲ. 1258ರದು ಕಾಣುವುದೇ ಇಲ್ಲ. 480ರ ನೀಲಿ ಕಿರಣ ನೂರಾರು ಮಿಲಿವ್ಯಾಟ್ ಇರಬಹುದು. ಮೂರೂ ತರಂಗಾಂತರಗಳನ್ನು ತಡೆಯುವ ಕನ್ನಡಕವೇ ಬೇಕು. ಒಂದಕ್ಕೆ ಮಾತ್ರ ಆಗುವ ಕನ್ನಡಕ ಹಾಕಿಕೊಂಡು ಧೈರ್ಯದಿಂದ ಬಗ್ಗುವುದು ಎಲ್ಲಕ್ಕಿಂತ ಅಪಾಯ. ಕೈಗಡಿಯಾರ, ಉಂಗುರ, ಬಳೆ ತೆಗೆದಿಡಿ. ಕುರ್ಚಿಯಲ್ಲಿ ಕುಳಿತಾಗ ನಿಮ್ಮ ಕಣ್ಣು ಕಿರಣಗಳ ಮಟ್ಟಕ್ಕೆ ಬಾರದಂತೆ ನೋಡಿಕೊಳ್ಳಿ. ಕೊಳವೆ ಒಡೆದರೆ ರುಬಿಡಿಯಂ ಗಾಳಿಯ ತೇವಕ್ಕೇ ಹೊತ್ತಿಕೊಳ್ಳುತ್ತದೆ. ಇರುವುದು ಚೂರೇ ಆದರೂ ಬರಿಗೈಯಲ್ಲಿ ಮುಟ್ಟಬೇಡಿ, ನೀರು ಸುರಿಯಬೇಡಿ.

ಒಂದನೆಯ ಹೆಜ್ಜೆ: ಕಾಗದದ ಮೇಲೆ ಮೆಟ್ಟಿಲು ಕಟ್ಟಿ

ನಮ್ಮ ಹಾದಿ ಹೀಗಿದೆ. (5ಎಸ್, 55ಡಿ ಮುಂತಾದ ಹೆಸರುಗಳಲ್ಲಿ ಅಂಕಿ ಕಕ್ಷೆಯ ಸಂಖ್ಯೆ, ಅಕ್ಷರ ಆ ಕಕ್ಷೆಯ ಬಗೆ.) 780 ನ್ಯಾನೋಮೀಟರಿನ ಲೇಸರ್ ರುಬಿಡಿಯಂ-87ನ್ನು ತಳಮಟ್ಟದ 5ಎಸ್ ಸ್ಥಿತಿಯಿಂದ 5ಪಿಗೆ ಎತ್ತುತ್ತದೆ. 480ರ ನೀಲಿ ಲೇಸರ್ ಅಲ್ಲಿಂದ 55ಡಿಗೆ ಹಾರಿಸುತ್ತದೆ. ಮೈಕ್ರೋವೇವ್ 55ಡಿಯಿಂದ 54ಎಫ್‌ಗೆ ಒಂದು ಪುಟ್ಟ ಮೆಟ್ಟಿಲು ಏರಿಸುತ್ತದೆ. 1258 ನ್ಯಾನೋಮೀಟರಿನ ಲೇಸರ್ ಅಲ್ಲಿಂದ 5ಡಿಗೆ ಇಳಿಸುತ್ತದೆ. 5ಡಿಯಿಂದ 5ಪಿಗೆ ಮರಳುವಾಗ ಪರಮಾಣು 776 ನ್ಯಾನೋಮೀಟರಿನ ಬೆಳಕನ್ನು ಬಿಡುತ್ತದೆ. ಹೊರಟ 5ಪಿಗೇ ಬಂದು ಸೇರಿದ್ದರಿಂದ ವರ್ತುಲ ಮುಚ್ಚಿತು. ಈ ಮುಚ್ಚಿಕೊಳ್ಳುವಿಕೆಯೇ ಇಡೀ ಕೆಲಸದ ಜೀವಾಳ. ವರ್ತುಲ ಮುಚ್ಚಿದರೆ ಮಾತ್ರ ಕೋಟ್ಯಂತರ ಪರಮಾಣುಗಳು ಒಂದೇ ತಾಳಕ್ಕೆ ಬೆಳಕು ಬಿಡುತ್ತವೆ, ಇಲ್ಲವಾದರೆ ಎಲ್ಲ ದಿಕ್ಕಿಗೂ ಚದುರಿದ ಮಿಣುಕು ಮಾತ್ರ ಉಳಿಯುತ್ತದೆ.

ಮೈಕ್ರೋವೇವ್ ಮೆಟ್ಟಿಲಿನ ಎತ್ತರವನ್ನು ನೀವೇ ಲೆಕ್ಕ ಹಾಕಿ. ಸ್ವೀಡನ್ನಿನ ಯೊಹಾನಸ್ ರಿಡ್‌ಬರ್ಗ್ 1888ರಲ್ಲಿ ಕಂಡುಕೊಂಡ ಸೂತ್ರ ಇಂದಿಗೂ ಸಾಕು. ಕಕ್ಷೆಯ ಸಂಖ್ಯೆಯಿಂದ ಕ್ವಾಂಟಮ್ ಕೊರತೆ ಎನ್ನುವ ಒಂದು ಸಣ್ಣ ಅಂಕಿಯನ್ನು ಕಳೆಯಬೇಕು. ರುಬಿಡಿಯಂನ ಡಿ ಸ್ಥಿತಿಗೆ ಅದು 1.346, ಎಫ್ ಸ್ಥಿತಿಗೆ 0.0165. ಹಾಗಾಗಿ 55ಡಿಯ ಪರಿಣಾಮಕ ಸಂಖ್ಯೆ 53.654, 54ಎಫ್‌ನದು 53.984. ಎರಡರ ವರ್ಗಗಳ ವಿಲೋಮಗಳ ವ್ಯತ್ಯಾಸವನ್ನು 3289.82 ಟೆರಾಹರ್ಟ್ಸ್‌ನಿಂದ ಗುಣಿಸಿದರೆ 13.93 ಗಿಗಾಹರ್ಟ್ಸ್‌ನ ಹತ್ತಿರ ಬರುತ್ತದೆ. ನಿಮ್ಮ ಬಳಿ ಬೇರೆ ಕಂಪನಾಂಕದ ಮೈಕ್ರೋವೇವ್ ಜನರೇಟರ್ ಇದ್ದರೆ ಇದೇ ಲೆಕ್ಕದಿಂದ ಬೇರೆ ಕಕ್ಷೆಯನ್ನು ಆರಿಸಿಕೊಳ್ಳಬಹುದು. ಮೇಲೆ ಹೋದಂತೆ ಮೆಟ್ಟಿಲುಗಳು ತಗ್ಗುತ್ತವೆ, ಮೈಕ್ರೋವೇವ್‌ನ ಕಂಪನಾಂಕವೂ ಇಳಿಯುತ್ತದೆ.

ಎರಡನೆಯ ಹೆಜ್ಜೆ: 780ನ್ನು ಕಟ್ಟಿಹಾಕಿ

ಕೋಣೆಯ ತಾಪದಲ್ಲಿ ಪರಮಾಣುಗಳು ಸೆಕೆಂಡಿಗೆ ಇನ್ನೂರು ಮುನ್ನೂರು ಮೀಟರ್ ವೇಗದಲ್ಲಿ ಓಡಾಡುತ್ತಿರುತ್ತವೆ. ಆದ್ದರಿಂದ ನಿಜಕ್ಕೂ 6 ಮೆಗಾಹರ್ಟ್ಸ್ ಅಗಲವಿರುವ ಹೀರುವಿಕೆಯ ರೇಖೆ ಡಾಪ್ಲರ್ ಪರಿಣಾಮದಿಂದ 500 ಮೆಗಾಹರ್ಟ್ಸ್‌ವರೆಗೆ ಹರಡಿಕೊಳ್ಳುತ್ತದೆ. ಬೇರೊಂದು ರುಬಿಡಿಯಂ ಕೊಳವೆಯಲ್ಲಿ ಕಿರಣವನ್ನು ಎದುರುಬದುರು ಹಾಯಿಸಿ, ಅಗಲದ ತಗ್ಗಿನ ನಡುವೆ ಮೂಡುವ ಕಿರಿದಾದ ಶಿಖರಗಳನ್ನು ಕಂಡು, ಲೇಸರಿನ ಕಂಪನಾಂಕ ಕದಲದಂತೆ ಅದನ್ನು ಅವುಗಳಲ್ಲಿ ಒಂದಕ್ಕೆ ಲಾಕ್ ಮಾಡಿ. ಪ್ರತಿ ಪರಮಾಣು ಪ್ರಯೋಗಾಲಯದಲ್ಲೂ ದಿನನಿತ್ಯ ನಡೆಯುವ ಕೆಲಸವಿದು, ಹೆಚ್ಚು ಹೇಳಬೇಕಿಲ್ಲ.

ಮೂರನೆಯ ಹೆಜ್ಜೆ: ನೀಲಿ ಬೆಳಕು ತೆರೆಯುವ ಕಿಟಕಿ

480ರ ಕಿರಣವನ್ನು 780ಕ್ಕೆ ಎದುರಾಗಿ ಹಾಯಿಸಿ. ಹೀಗೆ ಮಾಡಿದಾಗ ಡಾಪ್ಲರ್ ಪರಿಣಾಮದ ಬಹುಭಾಗ ಒಂದನ್ನೊಂದು ಹೊಡೆದುಹಾಕುತ್ತದೆ. ನೀಲಿ ಲೇಸರಿನ ಕಂಪನಾಂಕವನ್ನು ನಿಧಾನವಾಗಿ ಜಾರಿಸುತ್ತ 780ರ ಹಾಯುವಿಕೆಯನ್ನು ನೋಡಿ. ಅನುರಣನೆ ಬಂದ ಕ್ಷಣದಲ್ಲಿ, ಅಷ್ಟು ಹೊತ್ತು ಕಿರಣವನ್ನು ಹೀರುತ್ತಿದ್ದ ಆವಿ ಇದ್ದಕ್ಕಿದ್ದಂತೆ ಪಾರದರ್ಶಕವಾಗುತ್ತದೆ. ಪರದೆಯ ಮೇಲೆ ಕೆಲವು ಮೆಗಾಹರ್ಟ್ಸ್ ಅಗಲದ ಚೂಪಾದ ಶಿಖರವೊಂದು ಏಳುತ್ತದೆ. ಇದಕ್ಕೆ ವಿದ್ಯುತ್ಕಾಂತೀಯ ಪ್ರೇರಿತ ಪಾರದರ್ಶಕತೆ ಎಂದು ಹೆಸರು, ನಾವೆಲ್ಲ ಇಐಟಿ ಎನ್ನುತ್ತೇವೆ. ಬಿಸಿ ಆವಿಯಲ್ಲಿ ರಿಡ್‌ಬರ್ಗ್ ಸ್ಥಿತಿಗಳನ್ನು ಹೀಗೆ ಬೆಳಕಿನಿಂದಲೇ ಓದಬಹುದೆಂದು 2007ರಲ್ಲಿ ಇಂಗ್ಲೆಂಡಿನ ಡರ್ಹಂನಲ್ಲಿ ತೋರಿಸಿದ ಮೂವರಲ್ಲಿ ಅಶೋಕ್ ಮೊಹಾಪಾತ್ರ ಒಬ್ಬರು; ಬಳಿಕ ಅವರು ಭುವನೇಶ್ವರದ ರಾಷ್ಟ್ರೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಾದ ನೈಸರ್‌ನಲ್ಲಿ ಇದೇ ಜಾಡಿನ ಪ್ರಯೋಗಾಲಯ ಕಟ್ಟಿದರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ರಿಡ್‌ಬರ್ಗ್ ಪರಮಾಣುಗಳ ಮೇಲೆ ಕೆಲಸ ನಡೆದಿದೆ. ಈ ವಿದ್ಯೆ ಕಲಿಯಬಯಸುವ ನಮ್ಮ ಹುಡುಗ ಹುಡುಗಿಯರು ಮೊದಲು ಹೋಗಿ ನೋಡಬೇಕಾದ ಜಾಗಗಳಿವು.

ಶಿಖರ ಕಾಣದಿದ್ದರೆ ನೂರಕ್ಕೆ ತೊಂಬತ್ತು ಸಲ ಕಾರಣ ಎರಡು ಕಿರಣಗಳು ಕೊಳವೆಯೊಳಗೆ ಒಂದರ ಮೇಲೊಂದು ಕೂತಿಲ್ಲದಿರುವುದು. ಕೊಳವೆಯ ಎರಡೂ ಬದಿಗೆ ಒಂದೊಂದು ಸೂಜಿತೂತನ್ನು ಇಟ್ಟು, ಎರಡೂ ಬಣ್ಣಗಳು ಎರಡೂ ತೂತಿನಲ್ಲಿ ಹಾದುಹೋಗುವಂತೆ ಕನ್ನಡಿಗಳನ್ನು ತಿರುಗಿಸಿ. ಸಂಕೇತ ತೀರಾ ಕ್ಷೀಣವಾಗಿದ್ದರೆ ಕೊಳವೆಯನ್ನು ತುಸು ಬೆಚ್ಚಗೆ ಮಾಡಿ. ಪ್ರತಿ 10 ಡಿಗ್ರಿಗೆ ಆವಿಯ ಸಾಂದ್ರತೆ ಹೆಚ್ಚುಕಡಿಮೆ ಎರಡೂವರೆ ಪಟ್ಟು ಏರುತ್ತದೆ. ಆದರೆ ಲೋಹದ ತಂತಿ ಸುತ್ತಿ ಬಿಸಿ ಮಾಡಬೇಡಿ, ಮುಂದಿನ ಹೆಜ್ಜೆಯಲ್ಲಿ ಅದು ಮೈಕ್ರೋವೇವನ್ನು ಕೆಡಿಸುತ್ತದೆ. ಬೆಚ್ಚನೆಯ ಗಾಳಿ ಸಾಕು.

ನಾಲ್ಕನೆಯ ಹೆಜ್ಜೆ: ಮೈಕ್ರೋವೇವ್ ಒಳಬಂದ ಗುರುತು

ಹಾರ್ನ್ ಆಂಟೆನಾವನ್ನು ಕೊಳವೆಯತ್ತ ತಿರುಗಿಸಿ ಜನರೇಟರ್ ಹಾಕಿ. ಕಂಪನಾಂಕ 13.9ರ ಸಮೀಪಕ್ಕೆ ಬಂದಾಗ ಒಂದಾಗಿದ್ದ ಇಐಟಿ ಶಿಖರ ಎರಡಾಗಿ ಸೀಳುತ್ತದೆ. ಮೊದಲ ಸಲ ಇದನ್ನು ನೋಡಿದಾಗ ನಾನು ಜನರೇಟರಿನ ಗುಂಡಿಯನ್ನು ಎಷ್ಟೋ ಹೊತ್ತು ಹಿಂದೆ ಮುಂದೆ ತಿರುಗಿಸುತ್ತಲೇ ಕುಳಿತಿದ್ದೆ: ಶಕ್ತಿ ಏರಿಸಿದರೆ ಎರಡು ಕೊಂಬುಗಳು ದೂರ ಸರಿಯುತ್ತವೆ, ಇಳಿಸಿದರೆ ಹತ್ತಿರ ಬಂದು ಒಂದಾಗುತ್ತವೆ. ಕಣ್ಣಿಗೆ ಕಾಣದ, ಕೈಗೆ ಸಿಗದ ಮೈಕ್ರೋವೇವ್ ಪರಮಾಣುವನ್ನು ಹಿಡಿದು ಎಳೆಯುವುದನ್ನು ಅಷ್ಟು ನೇರವಾಗಿ ಬೇರೆಲ್ಲೂ ನೋಡಿಲ್ಲ.

ಇದೇ ಆಟ್ಲರ್–ಟೌನ್ಸ್ ಸೀಳು. ಇದು ನಿಮ್ಮ ಅಳತೆಗೋಲೂ ಹೌದು. ಸೀಳಿನ ಅಗಲವನ್ನು ಪ್ಲ್ಯಾಂಕ್ ಸ್ಥಿರಾಂಕದಿಂದ ಗುಣಿಸಿ, ಆ ಜಿಗಿತದ (ಕ್ಷೇತ್ರ ಪರಮಾಣುವನ್ನು ಎಷ್ಟು ಬಲವಾಗಿ ಹಿಡಿಯುತ್ತದೆ ಎಂಬುದರ ಅಳತೆಯಾದ) ಡೈಪೋಲ್ ಮೊಮೆಂಟ್‌ನಿಂದ ಭಾಗಿಸಿದರೆ ಕೊಳವೆಯೊಳಗಿನ ವಿದ್ಯುತ್ ಕ್ಷೇತ್ರ ಸಿಗುತ್ತದೆ. ಎಲೆಕ್ಟ್ರಾನಿನ ವಿದ್ಯುದಂಶವನ್ನು ಬೋರ್ ತ್ರಿಜ್ಯದಿಂದ ಗುಣಿಸಿದ ಮಾನದಲ್ಲಿ ಡೈಪೋಲ್ ಮೊಮೆಂಟ್ 1500 ಎಂದಿಟ್ಟುಕೊಂಡರೆ, 10 ಮೆಗಾಹರ್ಟ್ಸ್ ಸೀಳಿಗೆ ಮೀಟರಿಗೆ ಸುಮಾರು ಅರ್ಧ ವೋಲ್ಟ್ ಕ್ಷೇತ್ರ. ನೀಲಿ ಲೇಸರಿನ ಬದಲು 780ನ್ನು ಜಾರಿಸುತ್ತ ಅಳೆದಿದ್ದರೆ ಮಾತ್ರ ಸೀಳನ್ನು 780/480, ಅಂದರೆ 1.625ರಿಂದ ಗುಣಿಸುವುದನ್ನು ಮರೆಯಬೇಡಿ. ಅಮೆರಿಕದ ಒಕ್ಲಹೋಮದಲ್ಲಿ ಜೇಮ್ಸ್ ಶಾಫರ್ ತಂಡ 2012ರಲ್ಲಿ ತೋರಿಸಿದ ರಿಡ್‌ಬರ್ಗ್ ವಿದ್ಯುತ್ ಕ್ಷೇತ್ರಮಾಪಕದ ತತ್ತ್ವ ಇದೇ.

ಕೊಳವೆಯ ಆಸುಪಾಸಿನಲ್ಲಿ ಲೋಹ ಇರಬಾರದು. ಉಕ್ಕಿನ ಕಂಬ, ಅಲ್ಯೂಮಿನಿಯಂ ಹಿಡಿಕೆ ಎಲ್ಲವೂ ಅಲೆಯನ್ನು ಹಿಂದಕ್ಕೆ ಚಿಮ್ಮಿಸಿ, ಕೊಳವೆಯೊಳಗೆ ಒಂದು ಕಡೆ ಕ್ಷೇತ್ರ ಹೆಚ್ಚು, ಬೆರಳಗಲದಾಚೆ ಕಡಿಮೆ ಎಂಬಂತೆ ಮಾಡುತ್ತವೆ. ಪ್ಲಾಸ್ಟಿಕ್ ಹಿಡಿಕೆ ಬಳಸಿ, ಸುತ್ತಲೂ ಮೈಕ್ರೋವೇವ್ ಹೀರುವ ಕಪ್ಪು ಫೋಮ್ ಇಡಿ.

ಐದನೆಯ ಹೆಜ್ಜೆ: ಇಳಿಯುವ ಏಣಿಯನ್ನು ಕೆಳಗಿನಿಂದ ಹುಡುಕಿ

1258ರ ಲೇಸರನ್ನು ಸರಿಯಾದ ಕಂಪನಾಂಕಕ್ಕೆ ತರುವುದು ಹೊಸಬರು ಸೋಲುವ ಜಾಗ. 54ಎಫ್‌ನಿಂದ ಕೆಳಗಿಳಿಯುತ್ತ ಹುಡುಕಿದರೆ ಸಂಕೇತ ಅಷ್ಟಾಗಿ ಕಾಣುವುದಿಲ್ಲ. ಒಂದು 776ರ ಲೇಸರ್ ಎರವಲು ಸಿಕ್ಕರೆ ದಾರಿ ಸುಲಭ. 780 ಮತ್ತು 776 ಒಟ್ಟಿಗೆ ಹಾಯಿಸಿದರೆ ಪರಮಾಣು 5ಡಿಗೆ ಏರುತ್ತದೆ. ಅಲ್ಲಿಂದ 6ಪಿ ಮೂಲಕ ತಳಕ್ಕೆ ಬೀಳುವಾಗ 420 ನ್ಯಾನೋಮೀಟರಿನ ಬೆಳಕು ಬಿಡುತ್ತದೆ. ಕೋಣೆಯ ದೀಪ ಆರಿಸಿ ನೋಡಿದರೆ ಕಿರಣ ಹಾದ ಜಾಡಿನ ಉದ್ದಕ್ಕೂ ನೇರಳೆ ನೀಲಿಯ ತೆಳು ಗೆರೆಯೊಂದು ಹೊಳೆಯುತ್ತದೆ. ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಎರಡು ಕಿರಣಗಳಿಂದ ಎದ್ದ ನೀಲಿ ಗೆರೆ! ಅದನ್ನು ಕಂಡರೆ 5ಡಿ ಸಿಕ್ಕಿತೆಂದೇ ಅರ್ಥ. ಈಗ 1258ನ್ನು ಸೇರಿಸಿ ಜಾರಿಸಿದರೆ 5ಡಿಯಿಂದ 54ಎಫ್‌ಗೆ ಏರುವ ಮೂರು ಲೇಸರ್‌ಗಳ ಗುರುತು 780ರ ಹಾಯುವಿಕೆಯಲ್ಲಿ ಮೂಡುತ್ತದೆ. ಅಲ್ಲಿಗೆ ಲೇಸರನ್ನು ನಿಲ್ಲಿಸಿ. ಎರವಲು ತಂದ 776ರ ಕಿರಣವನ್ನು ತೆಗೆಯುವ ಮುನ್ನ ಇನ್ನೊಂದು ಉಪಕಾರ ಪಡೆಯಿರಿ: ಹೊರಬರಲಿರುವ ಬೆಳಕಿನ ಹಾದಿಯಲ್ಲಿ ಅದನ್ನು ಹಾಯಿಸಿ ಫಿಲ್ಟರು, ಫೈಬರು, ಪತ್ತೆಕಾರಿಗಳನ್ನೆಲ್ಲ ಹೊಂದಿಸಿಟ್ಟುಕೊಳ್ಳಿ.

ಆರನೆಯ ಹೆಜ್ಜೆ: ದಿಕ್ಕು

ಹೊರಬರುವ ಬೆಳಕಿನ ಕಂಪನಾಂಕ ಎಂದರೆ 480ರ ಕಂಪನಾಂಕಕ್ಕೆ ಮೈಕ್ರೋವೇವ್‌ನದನ್ನು ಕೂಡಿಸಿ 1258ರದನ್ನು ಕಳೆದದ್ದು. ದಿಕ್ಕಿನ ಲೆಕ್ಕವೂ ಹಾಗೆಯೇ. ಆದ್ದರಿಂದ 480 ಮತ್ತು 1258ನ್ನು ಒಂದೇ ದಿಕ್ಕಿಗೆ ಕಳಿಸಿ. 776 ಅವುಗಳ ಜೊತೆಗೇ ಹೊರಡುತ್ತದೆ. 780 ಎದುರಿನಿಂದ ಬರುತ್ತಿರುವುದರಿಂದ ಅದು ಪತ್ತೆಕಾರಿಯಿಂದ ದೂರಕ್ಕೆ ಹೋಗುತ್ತದೆ.

ಹಾರ್ನ್ ಎಲ್ಲಿರಬೇಕು? ಮೈಕ್ರೋವೇವ್‌ನ ತರಂಗಾಂತರ 2.16 ಸೆಂಟಿಮೀಟರ್. ಕೊಳವೆಗೆ ಅಡ್ಡಲಾಗಿ ಬಿಟ್ಟರೆ, ಕಿರಣದ ಹಾದಿಯಲ್ಲಿ 1.08 ಸೆಂಟಿಮೀಟರ್ ದೂರದಲ್ಲಿರುವ ಎರಡು ಪರಮಾಣುಗಳು ತದ್ವಿರುದ್ಧ ತಾಳದಲ್ಲಿ ಬೆಳಕು ಬಿಡುತ್ತವೆ. ಕಿರಣಗಳು ಕೂಡಿರುವ ಉದ್ದ 2.16 ಸೆಂಟಿಮೀಟರ್ ಆದರೆ ಒಂದರ್ಧ ಹುಟ್ಟಿಸಿದ್ದನ್ನು ಇನ್ನೊಂದರ್ಧ ಅಳಿಸಿಹಾಕುತ್ತದೆ, ಕೈಗೆ ಏನೂ ಸಿಗುವುದಿಲ್ಲ. ಎಲ್ಲ ಲೇಸರ್‌ಗಳೂ ಸರಿಯಿದ್ದು ಬೆಳಕು ಬಾರದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ನೀಲಿ ಕಿರಣ ಸಾಗುವ ದಿಕ್ಕಿಗೇ ಮೈಕ್ರೋವೇವನ್ನೂ ಹಾಯಿಸಿದರೆ ಈ ಕಷ್ಟವಿಲ್ಲ. ಕನ್ನಡಿಗಳು ಅಡ್ಡಬರುವುದರಿಂದ ಹಾರ್ನನ್ನು 20 ಡಿಗ್ರಿ ಓರೆಯಾಗಿ ಇಡಬೇಕಾಗಿ ಬಂದರೂ ಚಿಂತೆಯಿಲ್ಲ, ತಾಳ ತಪ್ಪುವ ಪಾಲು ಅಡ್ಡಲಾಗಿ ಬಿಟ್ಟದ್ದರ ನೂರಕ್ಕೆ 6ರಷ್ಟೇ.

ಏಳನೆಯ ಹೆಜ್ಜೆ: 776ನ್ನು ಹೆಕ್ಕುವುದು

780ಕ್ಕೂ 776ಕ್ಕೂ ಇರುವ ಅಂತರ 4 ನ್ಯಾನೋಮೀಟರ್. 780 ಎದುರು ದಿಕ್ಕಿಗೆ ಹೋದರೂ ಆವಿ ಅದನ್ನು ಹೀರಿ ಎಲ್ಲೆಡೆಗೆ ಚೆಲ್ಲುತ್ತಿರುತ್ತದೆ, ಕಿಟಕಿಯ ಗಾಜು ಅದನ್ನು ಹಿಂದಕ್ಕೆ ಎಸೆಯುತ್ತದೆ. ಕಿರಿದಾದ ಪಟ್ಟಿಯ ಇಂಟರ್‌ಫರೆನ್ಸ್ ಫಿಲ್ಟರ್ ಎರಡಾದರೂ ಬೇಕು. ಅವನ್ನು ತುಸು ಓರೆ ಮಾಡಿದರೆ ಹಾಯುವ ತರಂಗಾಂತರ ಕಡಿಮೆಯಾಗುತ್ತ ಹೋಗುತ್ತದೆ. ಆಮೇಲೆ ಒಂದೇ ಮೋಡ್‌ನ ಫೈಬರಿಗೆ ತುಂಬಿಸಿ. ಚದುರಿದ ಬೆಳಕಿನ ಬಹುಪಾಲು ಅಲ್ಲೇ ಉಳಿದುಬಿಡುತ್ತದೆ.

ಇಲ್ಲಿ ನಾನೇ ಎಡವಿದ್ದೇನೆ. ಎಣಿಕೆ ಯಂತ್ರದಲ್ಲಿ ಅಂಕಿಗಳು ಏರಿದ್ದನ್ನು ಕಂಡು ಸಂಜೆಯೆಲ್ಲ ಕನ್ನಡಿ ತಿದ್ದುತ್ತ ಅದನ್ನು ಇನ್ನಷ್ಟು ಏರಿಸಿದೆ. ಮನೆಗೆ ಹೊರಡುವ ಮುನ್ನ ಜನರೇಟರ್ ಆರಿಸಿದಾಗ ಅಂಕಿ ಕದಲಲೇ ಇಲ್ಲ. ಅಷ್ಟು ಹೊತ್ತೂ ನಾನು ಬೆಳೆಸಿದ್ದು 780ರ ಸೋರಿಕೆಯನ್ನು. ಒಂದು ಫಿಲ್ಟರು ತಪ್ಪು ಕೋನದಲ್ಲಿ ಕೂತಿತ್ತು. ಅಂದಿನಿಂದ ಜನರೇಟರನ್ನು ಸೆಕೆಂಡಿಗೆ ಕೆಲವು ಸಲ ತಾನಾಗಿ ಆರಿ ಹೊತ್ತುವಂತೆ ಇಟ್ಟೇ ಹುಡುಕುತ್ತೇನೆ. ಅದರ ತಾಳಕ್ಕೆ ಕುಣಿಯದ ಎಣಿಕೆ ನಮ್ಮದಲ್ಲ.

ಎಂಟನೆಯ ಹೆಜ್ಜೆ: ಇದು ನಿಜವಾದ ಪರಿವರ್ತನೆಯೇ?

480, 1258, 780, ಮೈಕ್ರೋವೇವ್ ಇವುಗಳಲ್ಲಿ ಯಾವ ಒಂದನ್ನು ತಡೆದರೂ ಬೆಳಕು ನಿಲ್ಲಬೇಕು. ಆಮೇಲೆ ಮೈಕ್ರೋವೇವ್ ಶಕ್ತಿಯನ್ನು ಅರ್ಧಕ್ಕಿಳಿಸಿ. ಸಂಕೇತ ಕ್ಷೀಣವಾಗಿರುವಷ್ಟು ಹೊತ್ತು ಎಣಿಕೆಯೂ ಅರ್ಧವಾಗಬೇಕು. ಕೊನೆಯದು ಎಲ್ಲಕ್ಕಿಂತ ಗಟ್ಟಿಯಾದ ಪರೀಕ್ಷೆ. ಹೊರಬಂದ 776ನ್ನು ಸ್ಥಿರವಾದ ಇನ್ನೊಂದು 776ರ ಕಿರಣದ ಜೊತೆ ಬೆರೆಸಿ ಅವುಗಳ ಬೀಟ್, ಅಂದರೆ ಎರಡರ ಕಂಪನಾಂಕಗಳ ವ್ಯತ್ಯಾಸದಲ್ಲಿ ಮಿಡಿಯುವ ಏರಿಳಿತ, ನೋಡಿ. ಜನರೇಟರಿನ ಕಂಪನಾಂಕವನ್ನು 100 ಕಿಲೋಹರ್ಟ್ಸ್ ಸರಿಸಿದರೆ ಬೀಟ್ ಕೂಡ ಅಷ್ಟೇ ಸರಿಯಬೇಕು. ಸರಿದರೆ ಬೆಳಕು ಮೈಕ್ರೋವೇವ್‌ನ ತಾಳವನ್ನು ಹೊತ್ತು ತಂದಿದೆ ಎಂದು ನಿಸ್ಸಂಶಯವಾಗಿ ಹೇಳಬಹುದು.

ಒಂಬತ್ತನೆಯ ಹೆಜ್ಜೆ: ದಕ್ಷತೆಯ ಲೆಕ್ಕವನ್ನು ನೇರವಾಗಿ ಬರೆಯಿರಿ

ಒಳಹೋದ ಫೋಟಾನ್‌ಗಳ ಸಂಖ್ಯೆಗೆ ಹೊರಬಂದವುಗಳ ಸಂಖ್ಯೆಯನ್ನು ಹೋಲಿಸಬೇಕು, ವ್ಯಾಟ್‌ಗಳನ್ನಲ್ಲ. ಪ್ರತಿ ಫೋಟಾನಿನ ಶಕ್ತಿ 28,000 ಪಟ್ಟು ಏರುತ್ತದೆಯಾದರೂ ಆ ಶಕ್ತಿ ನೀಲಿ ಲೇಸರಿನಿಂದ ಬಂದದ್ದು. ಮೈಕ್ರೋವೇವ್ ಸೆಂಟಿಮೀಟರುಗಟ್ಟಲೆ ಹರಡಿರುತ್ತದೆ, ಲೇಸರ್ ಕಿರಣ ಒಂದು ಮಿಲಿಮೀಟರಿಗಿಂತ ಕಿರಿದು. ಕಿರಣದ ಅಡ್ಡಗಲದೊಳಗೆ ಹೊಕ್ಕ ಫೋಟಾನ್‌ಗಳನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದೀರೋ, ಹಾರ್ನಿನಿಂದ ಹೊರಟ ಎಲ್ಲವನ್ನೂ ಹಿಡಿದಿದ್ದೀರೋ ಎಂಬುದನ್ನು ಟಿಪ್ಪಣಿ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆಯಿರಿ. ಬೇರೆಯವರ ಅಂಕಿಗಳನ್ನು ಓದುವಾಗಲೂ ಇದೇ ಪ್ರಶ್ನೆ ಕೇಳಿ. ಸಿಂಗಪುರದ ತಂಡ 2018ರಲ್ಲಿ ತಣ್ಣನೆಯ ರುಬಿಡಿಯಂನಲ್ಲಿ ಆರು ಅಲೆಗಳ ಮಿಶ್ರಣದಿಂದ ಈ ಪರಿವರ್ತನೆಯನ್ನು ಮೊದಲು ತೋರಿಸಿತು. ಚೀನಾದ ಗುವಾಂಗ್‌ಜೌ ತಂಡ 2022ರಲ್ಲಿ ತಣ್ಣನೆಯ ಪರಮಾಣುಗಳಿಂದಲೇ ನೂರಕ್ಕೆ 82ರ ದಕ್ಷತೆ ಮುಟ್ಟಿತು. ಶಿಕಾಗೋದಲ್ಲಿ 2023ರಲ್ಲಿ ಸುಮಾರು 100 ಗಿಗಾಹರ್ಟ್ಸ್‌ನ ಅಲೆಯನ್ನು 5 ಕೆಲ್ವಿನ್ನಿನ ಸೂಪರ್‌ಕಂಡಕ್ಟರ್ ಪೆಟ್ಟಿಗೆಯೊಳಗೆ ನೂರಕ್ಕೆ 58ರ ದಕ್ಷತೆಯಲ್ಲಿ ಬೆಳಕಾಗಿಸಿದರು. ವಾರ್ಸಾದ ಬಿಸಿ ಆವಿ ದಕ್ಷತೆಯಲ್ಲಿ ಇವುಗಳ ಸಮಕ್ಕೆ ಬಾರದು. ಆದರೆ ಅದಕ್ಕೆ ನಿರ್ವಾತ ಯಂತ್ರ ಬೇಡ, ತಣಿಸುವ ಲೇಸರ್‌ಗಳು ಬೇಡ, ತಡೆದು ತಡೆದು ನಡೆಯಬೇಕಾಗಿಲ್ಲ, 16 ಮೆಗಾಹರ್ಟ್ಸ್‌ನಷ್ಟು ಅಗಲದ ಕಂಪನಾಂಕದ ಪಟ್ಟಿಯೂ ಸಿಗುತ್ತದೆ. ಕೈಯಲ್ಲಿರುವ ಹಣಕ್ಕೆ ಹೊಂದುವಂತೆ ಪ್ರಯೋಗಾಲಯ ಕಟ್ಟಬೇಕಾದವರಿಗೆ ನಾನು ಸೂಚಿಸುವುದು ಇದನ್ನೇ.

ಎಲ್ಲವೂ ಸರಿಹೊಂದಿದ ದಿನ ಕೊನೆಗೊಂದು ಅಳತೆ ಮಾಡಿ. ಜನರೇಟರನ್ನು ಪೂರ್ತಿ ಆರಿಸಿ, ಹಾರ್ನನ್ನು ಮೇಜಿನಿಂದ ಎತ್ತಿಡಿ. ಲೇಸರ್‌ಗಳು ಹಾಗೆಯೇ ಇರಲಿ. 1258ರ ಕಿರಣವನ್ನು ಅರ್ಧ ನಿಮಿಷ ತಡೆಯಿರಿ, ಅರ್ಧ ನಿಮಿಷ ಬಿಡಿ; ಹೀಗೆ ಒಂದು ಗಂಟೆ ಎಣಿಸಿ ಒಂದು ಮೊತ್ತದಿಂದ ಇನ್ನೊಂದನ್ನು ಕಳೆಯಿರಿ. ಫಿಲ್ಟರುಗಳು ಚೆನ್ನಾಗಿದ್ದರೆ ವ್ಯತ್ಯಾಸ ಸೊನ್ನೆಯಾಗುವುದಿಲ್ಲ. ಗೋಡೆ, ಮೇಜು, ಪಕ್ಕದಲ್ಲಿ ಕುಳಿತ ನೀವು, ಕೋಣೆಯಲ್ಲಿರುವ ಬೆಚ್ಚಗಿನ ಪ್ರತಿಯೊಂದು ವಸ್ತುವೂ ಸೂಸುತ್ತಿರುವ 13.9 ಗಿಗಾಹರ್ಟ್ಸ್‌ನ ಮೈಕ್ರೋವೇವ್ ಆವಿಯನ್ನು ಹೊಕ್ಕು, ಬೆಳಕಾಗಿ, ಒಂದೊಂದೇ ಫೋಟಾನಾಗಿ ನಿಮ್ಮ ಎಣಿಕೆಯಲ್ಲಿ ಬೀಳುತ್ತಿರುತ್ತದೆ.